ಹೆದಿಲೆಯ ಮದುವೆ ಹಾಡು

ಲೆಸ್ಬೋಸ್ ದ್ವೀಪದ ಮಿಟಿಲೀನಿಯಲ್ಲಿ, ಊರ ಚಿಲುಮೆಯ ಸರದಿಯಲ್ಲಿ ಮಿಕ್ಕಾ ಕೊಡ ಹಿಡಿದು ನಿಂತಿದ್ದಳು. ಅವಳ ಮುಂದೆ ಐನೆಸಾ, ಮದುವೆ ಮೇಳದ ಹುಡುಗಿಯರಿಗೆ ಹಾಡು ಕಟ್ಟಿ ಕಲಿಸುವವಳು. ಐನೆಸಾಳ ಪಕ್ಕದಲ್ಲಿ ನಿಕಾರೆತೆ, ಕೈಯಲ್ಲಿ ಮದುಮಗಳನ್ನು ಮೀಯಿಸುವ ಉದ್ದ ಕತ್ತಿನ ಕೊಡ. ಮದುವೆಯಾಗದೆ ಸತ್ತವಳನ್ನು ಮೀಯಿಸುವುದೂ ಅದೇ ಕೊಡದಿಂದ. ನಿಕಾರೆತೆಯ ಮಗಳು ಹೆದಿಲೆ ಇವತ್ತು ಬೆಳಿಗ್ಗೆ ತೀರಿಹೋಗಿದ್ದಳು, ಮದುವೆ ನಾಳೆಯಿತ್ತು.

“ಅಳೋ ಹಾಡು ಕಲಿಸೋಕೆ ಹೊತ್ತೆಲ್ಲಿದೆ, ಅಕ್ಕಾ?” ಎಂದಳು ಐನೆಸಾ.

“ಮದುವೆ ಹಾಡನ್ನೇ ಹಾಡಿಸು. ಹುಡುಗೀರಿಗೆ ಬಾಯಿಪಾಠ ಆಗಿದೆಯಲ್ಲ.”

“ಅದರಲ್ಲಿ ಗಂಡಿನ ಹೆಸರು ಬರುತ್ತೆ.”

“ಅಲ್ಲಿ ಹೇಡೀಸ್ ಅನ್ನು. ಪಾತಾಳದ ದೊರೆ, ಮನೆತನ ದೊಡ್ಡದೇ.”

ಐನೆಸಾ ಬೆರಳು ಮಡಿಸಿ ತಾಳ ಹಾಕಿ ನೋಡಿದಳು. “ಕೂಡುತ್ತೆ.”

“ಆಮೇಲೆ ಹಾಡಿಂದ ಹೆದಿಲೆ ಹೆಸರು ತೆಗೆದುಹಾಕ್ತೀಯಾ?” ಎಂದಳು ನಿಕಾರೆತೆ.

“ಎಲ್ಲಾ ಮದುವೆಗೂ ಅದೇ ಹಾಡು, ಅಕ್ಕಾ. ಹೆಸರಷ್ಟೇ ಬದಲಾಗೋದು.”

“ಮುಂದಿನದು ಯಾರ ಮನೇದು?”

“ಮಿಕ್ಕಾಳ ಮಗಳದು.” ಐನೆಸಾ ಹಿಂದೆ ತಿರುಗಿ ನೋಡಲಿಲ್ಲ.

“ಒಳ್ಳೆ ಹುಡುಗಿ. ನಗು ಜಾಸ್ತಿ,” ಎಂದಳು ನಿಕಾರೆತೆ.

ನಿಕಾರೆತೆಯ ಕೊಡ ತುಂಬಿತು. ತುಳುಕದಂತೆ ಅದನ್ನು ಸೊಂಟಕ್ಕೇರಿಸಿಕೊಂಡು ಅವಳು ಹೊರಟಳು. ಐನೆಸಾ ಹಿಂದೆಯೇ ನಡೆದಳು.

ಸರದಿ ಈಗ ಮಿಕ್ಕಾಳದು. ಅವಳು ಪಕ್ಕಕ್ಕೆ ಸರಿದು, ಹಿಂದಿದ್ದವಳನ್ನು ಮುಂದೆ ಬಿಟ್ಟಳು.