ಹಲ್ಲು ಹೇಳಿದ ಕಸುಬು

ಹಲ್ಲಿನ ಡಾಕ್ಟರ ಕೋಣೆಯಿಂದ ಹೊರಬಂದ ತಾಯಿ, ನನ್ನ ಪಕ್ಕ ಕೂತಿದ್ದ ಮಗಳ ಭುಜ ಹಿಡಿದು ಅಲುಗಾಡಿಸಿದರು.

“ಬಾಯಿ ತೆಗೆದಿದ್ದೇ ತಡ ಕಣೇ, ‘ನೀವು ಟೈಲರಾ?’ ಅಂದುಬಿಟ್ರು!”

“ನೀನೇ ಹೇಳಿರ್ತೀಯ.”

“ಬಾಯಿ ತುಂಬ ಅವರ ಕೈಯೇ ಇತ್ತು, ಹೇಗೆ ಹೇಳ್ಲಿ? ಮುಂದಿನ ಹಲ್ಲಲ್ಲಿ ಕಚ್ಚು ಬಿದ್ದಿದೆ, ನೋಡು, ಇಲ್ಲಿ! ಮೂವತ್ತು ವರ್ಷ ದಾರ ಕಡಿದೂ ಕಡಿದೂ ಆಗಿದ್ದಂತೆ!”

“ಮೆಡಲ್ ಸಿಕ್ಕಿದ ಹಾಗೆ ಕುಣೀತೀಯಲ್ಲಮ್ಮ! ಕತ್ತರಿ ತಗೋ ಅಂತ ನಾನು ಬಡ್ಕೊಂಡಾಗ ಕೇಳಿದ್ಯಾ?”

“ಡಾಕ್ಟ್ರೂ ಅದನ್ನೇ ಅಂದ್ರು. ಒಡೆಯೋಕೆ ಮುಂಚೆ ಬಂದಿದೀನಂತೆ, ಮುಂದಿನ ವಾರ ತುಂಬಿಸಿ ಕೊಡ್ತಾರಂತೆ. ಇನ್ಮೇಲೆ ದಾರಕ್ಕೆ ಬಾಯಿ ಹಾಕಲ್ಲ, ನಿನ್ನಾಣೆ!”

ಮಗಳು ನನ್ನತ್ತ ತಿರುಗಿ, “ನೀವೇ ಸಾಕ್ಷಿ ಸಾರ್,” ಎಂದಳು.

ಇಬ್ಬರೂ ಎದ್ದರು. ಮಗಳ ಕುರ್ತಾದ ತೋಳಿನ ಅಂಚಿನಿಂದ ಒಂದು ದಾರ ನೇತಾಡುತ್ತಿತ್ತು. ತಾಯಿ ಅಭ್ಯಾಸಬಲದಿಂದ ಅದರತ್ತ ಬಾಯಿ ಒಯ್ದವರು ಥಟ್ಟನೆ ತಡೆದುಕೊಂಡರು.

“ಬೇಡ, ಇರಮ್ಮ,” ಎಂದ ಮಗಳು ತೋಳೆತ್ತಿ, ತಾನೇ ಹಲ್ಲಿನಿಂದ ಕಟಕ್ಕನೆ ಕಡಿದಳು.



“ಡಾಕ್ಟ್ರೇ, ಇನ್ನೊಬ್ಬಳು ಟೈಲರ್ ಇಲ್ಲೇ ಇದಾಳೆ!” ಎಂದು ಕೂಗುತ್ತ ತಾಯಿ ಮಗಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದರು.