ಕಷ್ಟಪಡದ ಗೆಲುವು

ಮೂಳೆ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಒಬ್ಬ ತಾಯಿಯೂ ಆಕೆಯ ಮಗಳ ಸೈಕಲ್ ಕೋಚೂ ಕೂತಿದ್ದರು. ಮಗಳು ಅಣ್ಣನೊಂದಿಗೆ ಒಳಗಿದ್ದಳು.

“ಕೊನೇ ಸುತ್ತಿನ ಆ ವೇಗ ಅವಳಿಗೆ ಹುಟ್ಟಿನಿಂದಲೇ ಇತ್ತಲ್ಲ! ಅಷ್ಟೊಂದು ಭಾರ ಯಾಕೆ ಎತ್ತಿಸಿದ್ರಿ?”

“ಬೇಡ ಅಂದಿದ್ದೆ ಅಮ್ಮ. ನಾನಿಲ್ಲದಾಗ ಎತ್ತಿ ಬೆನ್ನು ಮುರ್ಕೊಂಡಿದಾಳೆ.”

“ಅವಳಿಗೇನು ಕಡಿಮೆಯಾಗಿತ್ತು?”

“ಅಣ್ಣ ವರ್ಷಗಟ್ಟಲೆ ಸೈಕಲ್ ತುಳಿದು ಬೆವರು ಸುರಿಸಿ ಸೋತ, ನಾನು ಸುಮ್ಮನೆ ಗೆದ್ದೆ, ಅವನ ಮುಖ ನೋಡಕ್ಕಾಗಲ್ಲ ಅಂತಿದ್ಳು. ಕಷ್ಟಪಟ್ಟೇ ಗೆಲ್ಬೇಕು ಅಂತ ಹಟ.”

“ಅಯ್ಯೋ, ಇದನ್ನ ಅವನಿಗೆ ಮಾತ್ರ ಹೇಳ್ಬೇಡಿ.”

ಬಾಗಿಲು ತೆರೆಯಿತು. ಅಣ್ಣ ತಂಗಿಯ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಅವನ ಕಣ್ಣು ಕೆಂಪಾಗಿತ್ತು.

“ಇನ್ನು ಸೈಕಲ್ ಹತ್ತೋ ಹಾಗಿಲ್ವಂತಮ್ಮ. ಇವಳು ನಂಗೆ ಎಲ್ಲಾ ಹೇಳಿದ್ಳು. ಹುಚ್ಚಿ, ಇವಳು ಗೆದ್ದಾಗೆಲ್ಲ ಎಲ್ರಿಗಿಂತ ಜೋರಾಗಿ ಕೂಗ್ತಿದ್ದೋನು ನಾನೇ ಅಲ್ವಾ?”

ನಾಲ್ವರೂ ಲಿಫ್ಟಿನ ಕಡೆ ಹೊರಟರು.