ನೀರುಗಂಟಿಯ ಹೇಳಿಕೆ

ಮಂಡ್ಯದ ಆಸ್ಪತ್ರೆಯೊಂದರಲ್ಲಿ ನನ್ನ ಎದುರಿನ ಬೆಂಚಿನ ಮೇಲೆ ತಲೆಗೆ ಪಟ್ಟಿ ಕಟ್ಟಿಸಿಕೊಂಡ, ಊರಿಗೆ ನೀರು ಬಿಡುವ ನೀರುಗಂಟಿಯೊಬ್ಬರು ಕೂತಿದ್ದರು. ಪಕ್ಕದಲ್ಲಿ ಅವರ ಪಂಚಾಯ್ತಿಯ ಅಧ್ಯಕ್ಷೆ. ಒಳಗಿನ ಕೋಣೆಯಲ್ಲಿ ಪೊಲೀಸರು ಹೇಳಿಕೆ ಬರೆದುಕೊಳ್ಳಲು ಕಾದಿದ್ದರು.

“ಎಷ್ಟು ಜನ ಒಡುದ್ರು, ಮರಿಸಿದ್ದಯ್ಯ?” ಅಧ್ಯಕ್ಷೆ ಕೇಳಿದರು.

“ಎಂಟೊಂಬತ್ತು ಜನ ಕಣ್ರಮ್ಮ. ಬೋರಿನ ಮೋಟ್ರು ಸುಟ್ಟು ಇಪ್ಪತ್ತು ದಿನ ಆಯ್ತು, ಬಂದ ಅನುದಾನ ಏನಾಯ್ತು ಅಂದ್ರು.”

“ಅದು ನಮ್ಮ ಕೈಗೆಲ್ಲಿ ಬಂತು? ಕರೆಂಟು ಬಾಕಿ ಅಂತ ಸರ್ಕಾರದೋರು ಮೇಲೇ ಮುರ್ಕಂಡ್ರು. ನೀನು ಏಳ್ನಿಲ್ವಾ?”

“ಏಳ್ದೆ. ಸರ್ಕಾರ ಕೊಟ್ಟಿದ್ನ ಸರ್ಕಾರವೇ ಕಿತ್ಕತ್ತದೇನ್ಲಾ ಅಂತ ಬಾಯಿಗೇ ಗುದ್ದುದ್ರು. ಎರಡಲ್ಲು ಉದುರೋದ್ವು.”

“ಎಲ್ಲಾರ ಎಸ್ರೂ ಬರ್ಸು. ಒಬ್ಬುನ್ನೂ ಬುಡ್ಬೇಡ.”

ಮರಿಸಿದ್ದಯ್ಯ ತಲೆಯ ಪಟ್ಟಿ ಮುಟ್ಟಿ ನೋಡಿಕೊಂಡು ಪೊಲೀಸರಿದ್ದ ಕೋಣೆಯತ್ತ ಕಣ್ಣು ಹಾಯಿಸಿದರು.

“ಯಾಕೆ, ಭಯವಾ?”

“ಕಬ್ಬಿಣದ ಪೈಪಲ್ಲಿ ತಲೆಗೆ ಬಾರಿಸಿದ್ದು ನಿಮ್ಮ ಯಜಮಾನ್ರು ಕಣ್ರಮ್ಮ. ನೀವಿಲ್ದಾಗ ಜನ ನಿಮ್ಮನೆಗೆ ನುಗ್ಗಕ್ಕೆ ಬಂದಿದ್ರು. ದುಡ್ಡು ತಿಂದೋನು ಇವ್ನೇ ಅಂತ ಯಜಮಾನ್ರೇ ನನ್ನ ಎಳುದು ಜನದ ಮಧ್ಯಕ್ಕೆ ತಳ್ಳುದ್ರು.”

ಆಕೆಯ ಮುಖ ಬಿಳಿಚಿಕೊಂಡಿತು. ಪೇದೆ ಬಾಗಿಲಲ್ಲಿ ನಿಂತು ಕರೆದಾಗ ಅಧ್ಯಕ್ಷೆಯೇ ನೀರುಗಂಟಿಯ ರಟ್ಟೆ ಹಿಡಿದು ಎಬ್ಬಿಸಿದರು.

“ಬಾ, ನಮ್ಮ ಯಜಮಾನ್ರ ಎಸ್ರನ್ನೇ ಮೊದ್ಲು ಬರ್ಸು. ನಾನು ಪಕ್ಕದಲ್ಲೇ ನಿಂತಿರ್ತೀನಿ.”

ಇಬ್ಬರೂ ಒಳಗೆ ಹೋದರು.